ಹೊನ್ನೆಮಡು ಸಭೆಯ ಮೊದಲ ಹಾಳೆ

"ನಾಳೆ ಮಧ್ಯಾಹ್ನದೊಳಗೆ ನನ್ನ ಹೆಸರು ಹೊಡೆದು ಹಾಕ್ತಾರೆ. ಅಷ್ಟರೊಳಗೆ ನೀವು ಬರ್ಬೇಕು," ಎಂದಳು ಹುಡುಗಿ.

ಸೀತಾರಾಮ ಗಾಂವ್ಕರರಿಗೆ ಆ ಧಾಟಿಯೇ ಹಿಡಿಸಲಿಲ್ಲ. ಕೇಳಿಕೊಳ್ಳಲು ಬಂದವರು ಸ್ವಲ್ಪವಾದರೂ ಬಾಗಿ ಮಾತಾಡಬೇಕೆಂಬುದು ಮೂವತ್ತೆಂಟು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವರ ಅಭಿಪ್ರಾಯ. ಆದರೆ ಹುಡುಗಿ ಬಂದದ್ದು ಅವರ ಬಳಿಗಲ್ಲ, ಶಿರಸಿಯ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಅನ್ನಪೂರ್ಣವ್ವನವರ ಬಳಿಗೆ. ಬನವಾಸಿ ಕಡೆಯ ಈ ಹೆಂಗಸು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಕಾಗದ ಕಾಯುತ್ತ ಕೂದಲು ಬೆಳ್ಳಗೆ ಮಾಡಿಕೊಂಡವರು. ಕಳ್ಳ ಸಹಿ, ತಿದ್ದಿದ ತಾರೀಖು, ಬದಲಾದ ಪುಟ ಇವೆಲ್ಲ ಅವರ ಕಣ್ಣಿಗೆ ತಪ್ಪುವುದಿಲ್ಲವೆಂದು ಊರಿಗೆ ಗೊತ್ತಾಗಿ, ನಿವೃತ್ತಿಯ ನಂತರ ವಾರಕ್ಕೊಬ್ಬರಾದರೂ ಮಹಡಿ ಹತ್ತುತ್ತಿದ್ದರು. ಹತ್ತಿದವರ ಊರಿಗೆ ವ್ಯಾನು ಓಡಿಸುವ ಕೆಲಸ ಹೇಗೋ ಗಾಂವ್ಕರರ ತಲೆಗೆ ಬಂದಿತ್ತು.

"ಯಾವ ಪಟ್ಟಿಯೊಳಗಿನ ಹೆಸರವ್ವಾ? ಕೂತು ಹೇಳು," ಎಂದರು ಅನ್ನಪೂರ್ಣವ್ವ.

ಹುಡುಗಿಯ ಹೆಸರು ದಿವ್ಯಾ. ಯಲ್ಲಾಪುರದಲ್ಲಿ ಹೈಸ್ಕೂಲು ಟೀಚರು. ಊರು ಉಮ್ಮಚಗಿಯಿಂದ ಒಳಗೆ, ಹೊನ್ನೆಮಡು. ಅಲ್ಲಿಯ ಬ್ಯಾಪ್ಟಿಸ್ಟ್ ಸಭೆಗೆ ಇವಳೇ ಕಾರ್ಯದರ್ಶಿ. ನೂರು ವರ್ಷದ ಹಿಂದೆ ಮರ ಕೊಯ್ಯಲು ಬಂದ ಐದು ಜನ, ಊರೂರು ತಿರುಗುತ್ತಿದ್ದ ಒಬ್ಬ ಉಪದೇಶಿಯ ಮಾತು ಕೇಳಿ ಅಲ್ಲಿಯ ಹಳ್ಳದ ಮಡುವಿನಲ್ಲಿ ಮುಳುಗಿ ಎದ್ದು ದೀಕ್ಷಾಸ್ನಾನ ಪಡೆದರು. ಅದೇ ಸಭೆಯ ಆರಂಭ. ಆ ಐವರಲ್ಲಿ ಮೊದಲು ನೀರಿಗಿಳಿದವರು ಯಾರು ಎಂಬುದೇ ಅಂದಿನಿಂದ ಜಗಳ. ಮೇಲಿನಕೇರಿಯವರ ಪ್ರಕಾರ ಗಾಡಿ ಹೊಡೆಯುವ ದಾನಪ್ಪ. ಕೆಳಗಿನಕೇರಿಯವರ ಪ್ರಕಾರ ಗರಗಸದ ಬೈರ. ಬೈರ ಈ ದಿವ್ಯಾಳ ಮುತ್ತಜ್ಜ.

"ಪುಸ್ತಕ ಇಲ್ಲವೇ? ತೆಗೆದು ನೋಡಿದರೆ ಆಯಿತಲ್ಲ," ಎಂದರು ಗಾಂವ್ಕರರು.

"ಅದೇ ತಪ್ಪಾಗಿದ್ದು. ಐವತ್ತು ವರ್ಷದ ಹಿಂದೆ ಇದೇ ಮಾತಿಗೆ ಹೊಡೆದಾಟ ಆಗಿ ಇಬ್ಬರ ಕೈ ಮುರೀತು. ಅವತ್ತು ಹಿರಿಯರು ಒಂದು ಕಟ್ಟಳೆ ಮಾಡಿದ್ರು. ಹೊಸ ಹೆಸರು ಬರೆಯೋದಕ್ಕೆ ಬಿಟ್ಟು ಸಭಾಪುಸ್ತಕ ತೆಗೀಬಾರದು, ತೆಗೆದ್ರೂ ಹಿಂದಿನ ಪುಟ ತಿರುವಬಾರದು ಅಂತ. ಈಗ ನೂರು ವರ್ಷದ ಚರಿತ್ರೆ ಬರೀಬೇಕು ಅಂತ ಸಭೆಯೇ ಒಪ್ಪಿ ಕಟ್ಟಳೆ ಸಡಿಲ ಮಾಡ್ತು. ಜನವರಿಯಲ್ಲಿ ಪಾಸ್ಟರ್ ನೋಡಿದ್ರು, ಫೆಬ್ರವರಿಯಿಂದ ನನ್ನ ಹತ್ರ ಇತ್ತು. ಮೊದಲನೇ ಹಾಳೆ ಇರ್ಲಿಲ್ಲ. ಹೊಡೆದಾಟದ ಕಾಲದಲ್ಲೇ ಹೋಗಿರ್ಬೇಕು ಅಂದ್ಕೊಂಡೆ."

ಬುಧವಾರ ಕಲ್ಲು ಕೆತ್ತುವವನು ಬಂದಿದ್ದ. ನೂರು ವರ್ಷದ ನೆನಪಿನ ಕಲ್ಲಿಗೆ ಮೊದಲ ಐದು ಹೆಸರು ಕೆತ್ತಿಸಬೇಕು. ಮೇಲಿನಕೇರಿಯ ಹಿರಿಯ, ದಾನಪ್ಪನ ಮೊಮ್ಮಗ ವೀರಪ್ಪ ಎಲ್ಲರೆದುರು ಪುಸ್ತಕ ತೆಗೆದರೆ ಹಾಳೆಯಿಲ್ಲ. ಗಲಾಟೆಯಾಗಿ ಎಲ್ಲರ ಚೀಲ ಹುಡುಕಿದರು. ಗೂಟಕ್ಕೆ ತೂಗುಹಾಕಿದ್ದ ದಿವ್ಯಾಳ ಬಟ್ಟೆಚೀಲದಲ್ಲಿ ನಾಲ್ಕು ಮಡಿಕೆ ಮಾಡಿದ ಹಾಳೆ ಸಿಕ್ಕಿತು. ವೀರಪ್ಪ ಅದರ ಮೊದಲ ಹೆಸರನ್ನಷ್ಟೇ ಗಟ್ಟಿಯಾಗಿ ಓದಿದ: ದಾನಪ್ಪ.

"ಮುತ್ತಜ್ಜನ ಹೆಸರು ಮೊದಲಿಲ್ಲ ಅಂತ ಹೊಟ್ಟೆಕಿಚ್ಚಿಗೆ ಕದ್ದೆ ಅಂತಾರೆ," ಎಂದಳು ದಿವ್ಯಾ. "ಸಭೆಯ ಸದಸ್ಯರ ಪಟ್ಟಿಯಿಂದ ನನ್ನ ಹೆಸರು ಹೊಡೀಬೇಕು ಅಂತ ವೀರಪ್ಪಣ್ಣ ಸೂಚನೆ ಕೊಟ್ಟಿದ್ದಾರೆ. ನಾಳೆ ಆರಾಧನೆ ಮುಗಿದ ಮೇಲೆ ಕೈಯೆತ್ತಿಸಿ ತೀರ್ಮಾನ."

"ಹೋದ್ರೆ ಹೋಯ್ತು ಮಾರಾಯ್ತಿ, ಬೇರೆ ಚರ್ಚಿಗೆ ಹೋಗು," ಎಂದುಬಿಟ್ಟರು ಗಾಂವ್ಕರರು.

ದಿವ್ಯಾ ಅವರತ್ತ ತಿರುಗಿದಳು. "ನಮ್ಮಪ್ಪ, ಅವ್ವ ಅಲ್ಲಿಯ ಮಣ್ಣಲ್ಲಿದ್ದಾರೆ. ಹೆಸರಿಲ್ಲದವರಿಗೆ ಅಲ್ಲಿ ಮಣ್ಣೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಕಾರಣ ಬರೆದು ಹೆಸರು ಹೊಡೀತಾರೆ. ಕಳ್ಳತನ ಅಂತ. ಇನ್ನೂ ನೂರು ವರ್ಷ ಆದ್ಮೇಲೆ ಯಾರೋ ಓದಿದ್ರೂ ನಾನು ಕಳ್ಳಿನೇ."

ಗಾಂವ್ಕರರು ಕೆಳಗಿಳಿದು ವ್ಯಾನಿನ ಕೀಲಿ ಹುಡುಕಿದರು. ಊಟಕ್ಕೆ ಕಾಯಬೇಡವೆಂದು ಹೆಂಡತಿಗೆ ಮನೆಮಾತಿನಲ್ಲಿ ಕೂಗಿ ಹೇಳಿದರು: "ಆನು ಊಟಕ್ಕೆ ಬತ್ನಿಲ್ಲೆ, ಕಾಯಡ."

ಹೊನ್ನೆಮಡುವಿನಲ್ಲಿ ಯಾರೂ ಬನ್ನಿ ಎನ್ನಲಿಲ್ಲ. ಮೇಲಿನಕೇರಿಯ ಜಗಲಿಯಲ್ಲಿ ಕೂತಿದ್ದವರು ವ್ಯಾನು ಕಂಡು ಎದ್ದು ಒಳಗೆ ಹೋದರು. ಕೆಳಗಿನಕೇರಿಯವರು ಎದ್ದು ಹೋಗಲಿಲ್ಲ, ದುರುಗುಟ್ಟಿ ನೋಡುತ್ತ ನಿಂತರು. ಎರಡು ಕೇರಿಯ ನಡುವೆ ಹೆಂಚಿನ ಚರ್ಚು. ಅದರ ಹಿಂದೆ ಅರ್ಧ ಕಟ್ಟಿದ ಸಿಮೆಂಟಿನ ತೊಟ್ಟಿ. ಬಾಗಿಲ ಪಕ್ಕದ ಹಲಗೆಯಲ್ಲಿ ಸೀಮೆಸುಣ್ಣದಿಂದ ಭಾನುವಾರದ ಸಭೆಯ ವಿಷಯಗಳನ್ನು ಬರೆದಿದ್ದರು. ಒಂದು: ಕುಮಾರಿ ದಿವ್ಯಾಳ ಸದಸ್ಯತ್ವ. ಎರಡು: ಹುಬ್ಬಳ್ಳಿಯ ಮಂಡಳಿಯೊಂದಿಗೆ ಸೇರ್ಪಡೆ. ಮೂರು: ಈಸ್ಟರ್ ಭಾನುವಾರ ಶತಮಾನೋತ್ಸವ ಮತ್ತು ದೀಕ್ಷಾಸ್ನಾನ.

ಅನ್ನಪೂರ್ಣವ್ವ ಹಲಗೆಯನ್ನು ಎರಡು ಸಲ ಓದಿದರು. ವೀರಪ್ಪ ಆಗಲೇ ಬಾಗಿಲಿಗೆ ಅಡ್ಡ ನಿಂತಿದ್ದ. ಅರವತ್ತು ದಾಟಿದ, ಎದೆ ಸೆಟೆಸಿ ನಿಲ್ಲುವ ಆಸಾಮಿ.

"ನಿಮ್ಮನ್ನ ಕರೆದವರು ಯಾರ್ರೀ? ಇದು ನಮ್ಮ ಮನೆ ಮಾತು."

"ಮನೆ ಮಾತು ಅಂದ್ರ ಮನೀ ಮಗಳನ್ನ ಕಳ್ಳಿ ಅಂತೀರೇನು?" ಎಂದರು ಅನ್ನಪೂರ್ಣವ್ವ. "ಪುಸ್ತಕ ತೋರಸ್ರಿ. ನಿಮ್ಮಜ್ಜನ ಹೆಸರು ಖರೇ ಇದ್ರ, ನಾನೇ ನಾಳೆ ಎದ್ದು ನಿಂತು ಹೇಳ್ತೀನಿ."

ವೀರಪ್ಪನಿಗೆ ಅಜ್ಜನ ಹೆಸರನ್ನು ಇನ್ನೊಬ್ಬರಿಗೆ ತೋರಿಸುವ ಆಸೆ ತಡೆಯಲಾಗಲಿಲ್ಲ. ಪೆಟ್ಟಿಗೆಯ ಬೀಗ ತೆಗೆದ. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕ, ಸುತ್ತ ಬಜೆಯ ಬೇರು. ಮೂಗಿಗೆ ಘಾಟು ಹೊಡೆಯಿತು. "ನಮ್ಮ ಅವ್ವಂದಿರು ವರ್ಷಾ ವರ್ಷಾ ಹೊಸ ಬಜೆ ಹಾಕ್ತಾರೆ. ಒಂದು ಹುಳ ಮುಟ್ಟಿಲ್ಲ ನೋಡ್ರಿ," ಎಂದು ಹೆಮ್ಮೆಯಿಂದ ಹೇಳಿದ. ನಿಜವೇ, ಪುಟಗಳು ಹಳದಿಯಾಗಿದ್ದವು ಅಷ್ಟೇ, ಎಲ್ಲೂ ತೂತಿರಲಿಲ್ಲ. ಮೊದಲಿಗೆ ಹಾಳೆ ಕತ್ತರಿಸಿದ ಸಣ್ಣ ಅಂಚು ಕಾಣುತ್ತಿತ್ತು.

ಆಮೇಲೆ ಸಿಕ್ಕಿದ ಹಾಳೆಯನ್ನು ಕೊಟ್ಟ. ಕಾಗದ ಹಳೆಯದೇ. "೧೯೨೫ನೇ ಇಸವಿ ಏಪ್ರಿಲ್ ೧೨, ಈಸ್ಟರ್ ಭಾನುವಾರ, ಹೊನ್ನೆಮಡುವಿನ ನೀರಿನಲ್ಲಿ ದೀಕ್ಷಾಸ್ನಾನ ಹೊಂದಿದವರು" ಎಂದು ಬರೆದು ಕೆಳಗೆ ಐದು ಹೆಸರು. ಮೊದಲನೆಯದು ದಾನಪ್ಪ, ನಾಲ್ಕನೆಯದು ಬೈರ. ಅನ್ನಪೂರ್ಣವ್ವ ಅದನ್ನು ಬೆಳಕಿಗೆ ಹಿಡಿದಾಗ ಬಲಗಡೆ ಮೂರು ಸಣ್ಣ ತೂತುಗಳಿಂದ ಬಿಸಿಲು ತೂರಿ ಬಂತು. ಹಿಂಬದಿ ತಿರುಗಿಸಿದರು. ಖಾಲಿ.

"ಓದ್ಕೊಂಡ್ರಾ?" ಎಂದ ವೀರಪ್ಪ.

"ಹೂಂ. ಇನ್ನು ಉಳಿದದ್ದನ್ನೂ ಓದ್ತೀನಿ," ಎಂದು ಅವರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಎರಡು ಗಂಟೆ ಓದಿದರು. ವೀರಪ್ಪ ಕಾವಲು ನಿಂತ. ಒಂದು ಲೋಟ ನೀರು ಬೇಕೇ ಎಂದು ಆ ಮನುಷ್ಯ ಕೇಳಲಿಲ್ಲ. ಗಾಂವ್ಕರರು ಹೊರಗೆ ಬಂದು ನೋಡಿದರೆ ವ್ಯಾನಿನ ಎರಡು ಚಕ್ರದ ಗಾಳಿ ಯಾರೋ ಬಿಟ್ಟಿದ್ದರು. ಅವರಿಗೆ ಮೈಯೆಲ್ಲ ಉರಿಯಿತು. ಕ್ರಿಸ್ತನ ಹೆಸರಿನಲ್ಲಿ ಮುಳುಗಿ ಎದ್ದ ಜನರಿಗೆ ಇಷ್ಟು ಸಣ್ಣ ಬುದ್ಧಿಯೇ ಎಂದು ಜೋರಾಗಿಯೇ ಗೊಣಗಿದರು, ಎರಡೂ ಕೇರಿಗೆ ಕೇಳಲಿ ಎಂದು.

ಮಡುವಿನ ದಾರಿ ತೋರಿಸಿದವಳು ಗೌರಕ್ಕ. ಎಂಬತ್ತು ದಾಟಿದ ಮುದುಕಿ, ಕಂಬಳಿ ಒಗೆಯಲು ಹೊರಟಿದ್ದಳು. ಮಾರ್ಚ್ ತಿಂಗಳ ಬಿಸಿಲಿಗೆ ಹಳ್ಳ ಸೊರಗಿ, ಮಡುವಿನಲ್ಲಿ ಪಾದ ಮುಳುಗುವಷ್ಟು ನೀರಿತ್ತು.

"ಕಂಬಳಿ ನೆನೆಯಾಕೂ ಸಾಲದು," ಎಂದು ಬೈದಳು ಗೌರಕ್ಕ. "ದೀಪಾವಳಿ ಹೊತ್ತಿಗೆ ನೋಡಬೇಕು ನೀವು, ಎದೆಮಟ್ಟ ಇರ್ತದೆ. ನಾನೂ ಆವಾಗಲೇ ಮುಳುಗಿದ್ದು. ಹಲ್ಲು ಕಟಕಟ ಅಂತಿದ್ವು. ಒದ್ದೆ ಸೀರೆಲೇ ನಿಲ್ಲಿಸಿ ಉಪದೇಶಿ ಪುಸ್ತಕ ಓದ್ತಿದ್ದ, ನಾವು ಹೌದು ಹೌದು ಅನ್ಬೇಕು. ಬೇಗ ಮುಗೀಲಿ ಅಂತ ಅಂದ್ವಿ."

"ಏನಂತ ಓದ್ತಿದ್ರು ಗೌರಕ್ಕಾ?"

"ನಮ್ಮ ಮೇಲೆ ಯಾರೂ ಯಜಮಾನರಿಲ್ಲ, ಕರ್ತನೊಬ್ಬನೇ ಅಂತ. ಇನ್ನೂ ಏನೇನೋ ಇತ್ತು. ಹೆಸರಿರೋ ಹಾಳೆ ತಿರುವಿ ಓದ್ತಿದ್ರು. ಹೊಡೆದಾಟ ಆದ್ಮೇಲೆ ಓದೋದೂ ನಿಂತು ಹೋಯ್ತು."

"ಆ ಹಾಳಿಯೊಳಗ ಮೊದಲನೇ ಹೆಸರು ಯಾರದಿತ್ತು?"

"ನನಗೆ ಅವಾಗ ಚಳಿ ಆಗಿತ್ತು ತಾಯಿ. ಹೆಸರು ಯಾರು ನೋಡ್ತಾರೆ?" ಗೌರಕ್ಕ ಕಂಬಳಿಯನ್ನು ಕಲ್ಲಿಗೆ ಬಡಿದಳು. "ಎರಡೂ ಕೇರಿಯವರು ಮೂರ್ಖರು. ದಿವ್ಯಾನೂ ಮೂರ್ಖಳೇ, ಆದ್ರೆ ಕಳ್ಳಿ ಅಲ್ಲ."

ಪಾಸ್ಟರ್ ಜಯಶೀಲರ ಮನೆಯಲ್ಲಿ ಮಾತ್ರ ಚಹಾ ಸಿಕ್ಕಿತು. ಮೂರು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಬಂದವರು. ನಗುಮುಖ, ಇಸ್ತ್ರಿಯ ಅಂಗಿ. ಗಾಂವ್ಕರರಿಗೆ ಊರಿನಲ್ಲೇ ಮೊದಲ ಬಾರಿಗೆ ಮನುಷ್ಯನೊಬ್ಬ ಸಿಕ್ಕಿದಂತಾಯಿತು.

"ಆ ಮಗು ಕ್ಷಮೆ ಕೇಳಿಬಿಟ್ರೆ ನಾನೇ ಸಭೆಯನ್ನ ಒಪ್ಪಿಸ್ತಿದ್ದೆ," ಎಂದರು ಪಾಸ್ಟರ್ ವ್ಯಥೆಯಿಂದ. "ಈಸ್ಟರ್ ಹತ್ರ ಬಂತು. ಹೊಸ ತೊಟ್ಟಿಯಲ್ಲಿ ಏಳು ಜನರಿಗೆ ದೀಕ್ಷಾಸ್ನಾನ ಇದೆ. ಹುಬ್ಬಳ್ಳಿಯಲ್ಲಿ ಚಿಕ್ಕಂದಿನಿಂದ ನಾನು ನೋಡಿದ್ದು ಹಾಗೇ, ಈಸ್ಟರ್ ಅಂದ್ರೆ ದೀಕ್ಷಾಸ್ನಾನ. ಇಲ್ಲಿಯ ಹಿರಿಯರಿಗೆ ತೊಟ್ಟಿ ಕಂಡ್ರೆ ಸಿಟ್ಟು, ಹರಿಯೋ ನೀರೇ ಬೇಕಂತೆ."

ಅನ್ನಪೂರ್ಣವ್ವ ಚಹಾ ಮುಟ್ಟದೆ ಮೂಲೆಯ ಕಪಾಟು ನೋಡುತ್ತಿದ್ದರು. "ಅವೆಲ್ಲ ಏನ್ರೀ?"

"ಹಳೇ ಸಂಡೇ ಸ್ಕೂಲ್ ಹಾಜರಿ ಪುಸ್ತಕಗಳು. ಚರಿತ್ರೆಗೆ ಬೇಕಾಗಬಹುದು ಅಂತ ಇಟ್ಟಿದ್ದೀನಿ." ಒಂದನ್ನು ಎಳೆದು ಕೊಟ್ಟರು. ಮೇಜಿನ ಮೇಲೆ ಸಣ್ಣಗೆ ಪುಡಿ ಉದುರಿತು. ಅನ್ನಪೂರ್ಣವ್ವ ಕೊನೆಯ ಖಾಲಿ ಪುಟಗಳನ್ನು ತಿರುವಿ, "ಹುಳ ಹೊಡೆದಾವು," ಎಂದಷ್ಟೇ ಹೇಳಿ ವಾಪಸು ಕೊಟ್ಟರು.

ಗಾಳಿ ತುಂಬಿಸಿಕೊಂಡು ಶಿರಸಿಗೆ ಮರಳುವಾಗ ಗಾಂವ್ಕರರು ತಮ್ಮ ತೀರ್ಪು ಹೇಳಿದರು. "ವೀರಪ್ಪನದೇ ಕೆಲಸ. ಬೀಗದ ಕೈ ಅವನ ಹತ್ತಿರ, ಅಜ್ಜನ ಹೆಸರು ಮೇಲೆ. ಇನ್ನೆಂತ ಬೇಕು?"

"ವೀರಪ್ಪ ಬರೆದಿದ್ರ ಹಿಂಗ ಬರೀತಿದ್ದಿಲ್ಲ," ಎಂದರು ಅನ್ನಪೂರ್ಣವ್ವ. ಹೇಗೆಂದು ಕೇಳಿದರೆ ನಾಳೆ ನೋಡೋಣವೆಂದರು. ಇದು ಅವರ ಹಳೇ ಚಾಳಿ, ಗಾಂವ್ಕರರಿಗೆ ಮೈ ಪರಚಿಕೊಳ್ಳುವಂತಾಯಿತು.

ಭಾನುವಾರ ಆರಾಧನೆ ಮುಗಿದಾಗ ಹನ್ನೊಂದು ದಾಟಿತ್ತು. ಎಡಗಡೆ ಮೇಲಿನಕೇರಿ, ಬಲಗಡೆ ಕೆಳಗಿನಕೇರಿ, ನಡುವೆ ಖಾಲಿ ದಾರಿ. ದಿವ್ಯಾ ಕಾರ್ಯದರ್ಶಿಯ ಮೇಜಿನ ಮುಂದೆ ಒಬ್ಬಳೇ ಕೂತಿದ್ದಳು. ತನ್ನ ಹೆಸರು ಹೊಡೆಯುವ ನಡಾವಳಿಯನ್ನೂ ತಾನೇ ಬರೆಯಬೇಕು. ಪಾಸ್ಟರ್ ಜಯಶೀಲರು ಅಧ್ಯಕ್ಷತೆ ವಹಿಸಿ ಮೊದಲನೇ ವಿಷಯ ಓದಿದರು. ವೀರಪ್ಪ ಎದ್ದು ಸೂಚನೆ ಮಂಡಿಸಿದ.

"ಕೈಯೆತ್ತೋದಕ್ಕಿಂತ ಮೊದಲು ನಾ ಒಂದು ಮಾತು ಹೇಳ್ತೀನಿ," ಎಂದು ಅನ್ನಪೂರ್ಣವ್ವ ನಡುವಿನ ದಾರಿಗೆ ಬಂದರು. "ವೀರಪ್ಪನವರಿಗೆ ನಿನ್ನೆ ಮಾತು ಕೊಟ್ಟೀನಿ."

"ಹೊರಗಿನವರಿಗೆ ಇಲ್ಲಿ ಮಾತಿಲ್ಲ!" ಎಂದು ಎಡಗಡೆಯಿಂದ ಯಾರೋ ಕೂಗಿದರು.

"ಮಾತಾಡ್ಲಿ ಬಿಡ್ರಿ. ಅಜ್ಜನ ಹೆಸರು ಖರೇ ಅಂತ ಹೇಳಾಕ ಬಂದಾರ," ಎಂದ ವೀರಪ್ಪ ಧಾರಾಳವಾಗಿ.

ಅನ್ನಪೂರ್ಣವ್ವ ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿ ಹಿಡಿದರು. "ಇದರಾಗ ತಾರೀಖು ಏಪ್ರಿಲ್ ಹನ್ನೆರಡು. ನಿಮ್ಮ ಸಭೆಯೊಳಗ ತಲೆ ಮೇಲೆ ನೀರು ಚಿಮುಕಿಸೋದಿಲ್ಲ, ಇಡೀ ಮೈ ಮುಳುಗಬೇಕು. ಹೌದಿಲ್ಲೋ? ಏಪ್ರಿಲ್‌ನ್ಯಾಗ ಈ ಮಡುವಿನೊಳಗ ಮುಳುಗಿದವರು ಯಾರರೆ ಇದ್ರ ಕೈ ಎತ್ರಿ."

ಯಾರೂ ಎತ್ತಲಿಲ್ಲ. "ಆವಾಗ ನೀರು ಜಾಸ್ತಿ ಇತ್ತೇನೋ," ಎಂದ ವೀರಪ್ಪ. ಆದರೆ ದನಿಯಲ್ಲಿ ಹಿಂದಿನ ಗತ್ತು ಇರಲಿಲ್ಲ.

"ನಿಮ್ಮ ಪುಸ್ತಕನೇ ಹೇಳ್ತದ. ೧೯೩೪ರ ಮಾರ್ಚಿಯೊಳಗ ನಿಮ್ಮ ಹಿರಿಯರು ನಿರ್ಣಯ ಬರೆದಾರ. ಮಡುವಿನಲ್ಲಿ ಮೊಣಕಾಲಿಗೂ ನೀರಿಲ್ಲ, ಎಂದಿನಂತೆ ಈ ಬೇಸಿಗೆಯಲ್ಲೂ ದೀಕ್ಷಾಸ್ನಾನ ಕೊಡತಕ್ಕದ್ದಲ್ಲ ಅಂತ. ಉಳಿದ ಪುಟದಾಗಿನ ಎಲ್ಲಾ ದೀಕ್ಷಾಸ್ನಾನ ನವೆಂಬರ್, ಡಿಸೆಂಬರ್, ಜನವರಿ. ಒಂದೂ ತಪ್ಪಿಲ್ಲ. ಅಂದ್ರ ಈ ಹಾಳಿ ಸುಳ್ಳು. ಬರೆದಾಂವ ನಿಮ್ಮಾಂವ ಅಲ್ಲ. ಮೇಲಿನಕೇರಿಯವರಿಗಾಗಲಿ, ಕೆಳಗಿನಕೇರಿಯವರಿಗಾಗಲಿ ಇಂಥಾ ತಪ್ಪು ಮಾಡಾಕ ಬರೂದಿಲ್ಲ. ಮುಳುಗೂ ಹೊತ್ತಿನ ಚಳಿ ನಿಮ್ಮ ಮೈಗೇ ಗೊತ್ತದ. ದೀಕ್ಷಾಸ್ನಾನ ಅಂದ್ರ ಈಸ್ಟರ್ ಅಂತ ತಿಳಕೊಂಡು ಬೆಳೆದವರು ಈ ಊರಾಗ ಒಬ್ಬರೇ."

ಎರಡೂ ಕಡೆಯ ತಲೆಗಳು ಒಮ್ಮೆಲೇ ಪೀಠದತ್ತ ತಿರುಗಿದವು.

"ಇದು ಅನ್ಯಾಯ, ಸಹೋದರಿ," ಎಂದರು ಪಾಸ್ಟರ್. ಮುಖದ ನಗು ಇನ್ನೂ ಹಾಗೇ ಇತ್ತು. "ಬರೀ ಊಹೆ."

"ಊಹೆ ಅಲ್ರಿ. ಸಭಾಪುಸ್ತಕಕ್ಕ ಬಜೆ ಹಾಕಿ ಕಾಯ್ದಾರ, ಒಂದು ತೂತಿಲ್ಲ. ಈ ಹಾಳಿಗೆ ಮೂರು ತೂತು. ಹುಳ ಒಂದು ಹಾಳಿ ತಿಂದು ಬಿಡೂದಿಲ್ಲ, ಪುಟದಿಂದ ಪುಟಕ್ಕ ನೆಟ್ಟಗ ಕೊರಕೊಂಡು ಹೋಗ್ತದ. ಅಂದ್ರ ಈ ಹಾಳಿ ಬಂದದ್ದು ಬೇರೆ ಪುಸ್ತಕದಿಂದ. ಪಾಸ್ಟರ್ ಮನೀ ಕಪಾಟಿನ್ಯಾಗ ಸಂಡೇ ಸ್ಕೂಲಿನ ಹಾಜರಿ ಪುಸ್ತಕ ಅದಾವು. ಮೇಲಿನಕೇರಿಯವರು ಒಬ್ಬರು, ಕೆಳಗಿನಕೇರಿಯವರು ಒಬ್ಬರು ಹೋಗಿ ತರ್ರಿ."

ತಂದರು. ಎರಡನೇ ಪುಸ್ತಕದ ಕೊನೆಯಲ್ಲಿ ಒಂದು ಖಾಲಿ ಹಾಳೆ ಕತ್ತರಿಸಿದ ಗುರುತಿತ್ತು. ಅನ್ನಪೂರ್ಣವ್ವ ಆ ಜಾಗದಲ್ಲಿ ಹಾಳೆಯನ್ನಿಟ್ಟು, ಮೂರು ತೂತಿನೊಳಗೂ ಒಂದೊಂದು ಸೂಜಿ ಇಳಿಬಿಟ್ಟರು. ಸೂಜಿಗಳು ಕೆಳಗಿನ ಪುಟಗಳನ್ನು ದಾಟಿ ರಟ್ಟಿಗೆ ತಾಗಿದವು. ವೀರಪ್ಪ ಹತ್ತಿರ ಬಂದು ನೋಡಿದ. ಕೆಳಗಿನಕೇರಿಯವರೂ ಬಂದು ನೋಡಿದರು.

"ಪಾಸ್ಟರಿಗೆ ನಮ್ಮಜ್ಜನ ಹೆಸರು ಕಟ್ಕೊಂಡು ಏನಾಗ್ಬೇಕಿತ್ತು?" ಎಂದು ಕೇಳಿದ ವೀರಪ್ಪ, ನಿಜವಾಗಿಯೂ ತಿಳಿಯದೆ.

"ನಿಮ್ಮಜ್ಜನ ಹೆಸರು ಅವರಿಗೆ ಬೇಕಾಗೇ ಇರ್ಲಿಲ್ಲ. ನಿಮಗ ಬೇಕಾಗಿತ್ತು. ಅದನ್ನ ಮೇಲೆ ಬರೆದ್ರ ನೀವು ಹಾಳಿ ತಿರುವಿ ನೋಡಂಗಿಲ್ಲ, ಕೆಳಗಿನಕೇರಿಯವರು ಬೈಕೋತ ಕೂಡ್ತಾರ, ಪುಸ್ತಕ ಓದಿದ ಹುಡುಗಿ ಹೊರಗ ಹೋಗ್ತಾಳ. ಅವರಿಗೆ ಬೇಡಾಗಿದ್ದು ಖರೇ ಹಾಳಿಯ ಹಿಂಬದಿ. ಗೌರಕ್ಕಾ, ಅಲ್ಲಿ ಏನಿತ್ತು? ನಿನ್ನೆ ಬಿಟ್ಟಿದ್ದನ್ನ ಈಗ ನೆನಪು ಮಾಡ್ಕೋರಿ."

ಗೌರಕ್ಕ ಎದ್ದು ಕಣ್ಣು ಮುಚ್ಚಿದಳು. "ಕ್ರಿಸ್ತನೇ ಈ ಸಭೆಗೆ ಶಿರಸ್ಸು. ಈ ಸಭೆಯು ಹೊರಗಿನ ಯಾವ ಮಂಡಳಿಯ ಕೈಕೆಳಗೂ ಹೋಗತಕ್ಕದ್ದಲ್ಲ. ಬೋಧಕನನ್ನು ಸಭೆಯೇ ಕರೆಯುವುದು, ಸಭೆಯೇ ಬಿಡುವುದು." ಕಣ್ಣು ತೆರೆದು ಪಾಸ್ಟರನ್ನು ನೋಡಿದಳು. "ಬೇಗ ಮುಗೀಲಿ ಅಂತ ಹೌದು ಅಂದಿದ್ದೆ. ಆದ್ರೂ ಅಂದಿದ್ದೆ."

ಪಾಸ್ಟರ್ ಜಯಶೀಲರು ಪೀಠದಿಂದ ಕೆಳಗಿಳಿದರು. "ನಿಮ್ಮ ಒಳ್ಳೇದಕ್ಕೇ ಮಾಡಿದೆ," ಎಂದರು. "ಎರಡು ಕೇರಿಯ ಜಗಳದಲ್ಲಿ ಈ ಸಭೆ ಸಾಯ್ತಾ ಇದೆ. ಮೇಲೆ ಒಬ್ಬರು ಇದ್ರೆ ಉಳೀತಿತ್ತು. ಆ ಹಾಳೆ ಇದ್ರೆ ನೀವು ಹುಬ್ಬಳ್ಳಿ ಮಂಡಳಿಗೆ ಸೇರೋದಿಲ್ಲ ಅಂತ ಗೊತ್ತಿತ್ತು. ಸುಟ್ಟುಬಿಟ್ಟೆ. ಬೇರೆ ಬರೆದು ಬುಧವಾರ ದಿವ್ಯಾಳ ಚೀಲದಲ್ಲಿಟ್ಟೆ."

"ಅದರಲ್ಲಿ ಮೊದಲನೇ ಹೆಸರು ಯಾರದಿತ್ತು?" ಎರಡೂ ಕೇರಿಯವರು ಒಟ್ಟಿಗೆ ಕೇಳಿದರು.

"ನಾನು ಹಿಂಬದಿ ಮಾತ್ರ ಓದಿದೆ," ಎಂದರು ಪಾಸ್ಟರ್. ಅದು ನಿಜವೋ ಸೇಡೋ ಎಂಬುದು ಗಾಂವ್ಕರರಿಗೆ ತಿಳಿಯಲಿಲ್ಲ. ಯಾರಿಗೂ ತಿಳಿಯಲಿಲ್ಲ.

ಗದ್ದಲವೆದ್ದಿತು. ಅದರ ನಡುವೆ ದಿವ್ಯಾ ಮೇಜು ಕುಟ್ಟಿದಳು.

"ಮೊದಲನೇ ವಿಷಯ ಇನ್ನೂ ಮುಗಿದಿಲ್ಲ. ಸೂಚನೆ ಕೊಟ್ಟವರು ವಾಪಸು ತಗೋಬೇಕು, ಇಲ್ಲಾ ಕೈಯೆತ್ತಿಸ್ಬೇಕು. ವೀರಪ್ಪಣ್ಣ?"

ವೀರಪ್ಪ ಕೂತಲ್ಲೇ, "ವಾಪಸು ತಗೊಂಡೆ, ಬರ್ಕೋ," ಎಂದು ಕೈ ಬೀಸಿದ.

"ಕಾರಣ ಹೇಳ್ರಿ. ನನ್ನ ಹೆಸರು ಹೊಡೆಯೋದಕ್ಕೆ ಕಾರಣ ಬರೀಬೇಕಿತ್ತಲ್ಲ, ಇದಕ್ಕೂ ಬರೀಬೇಕು."

"ಆಯ್ತಲ್ಲ ತಂಗೀ, ಎಲ್ಲಾರೂ ಕೇಳಿದ್ರಲ್ಲ..."

"ಇವತ್ತು ಇಲ್ಲಿದ್ದವರು ಕೇಳಿದ್ರು. ಎದ್ದು ಹೇಳ್ರಿ."

ಅವನ ಕಡೆಯವರು ಯಾರೂ ಅವನ ಪರವಾಗಿ ಬಾಯಿ ಹಾಕಲಿಲ್ಲ. ವೀರಪ್ಪ ಮುಂದಿನ ಬೆಂಚನ್ನು ಹಿಡಿದುಕೊಂಡು ಎದ್ದ. ನಿನ್ನೆ ಬಾಗಿಲಿಗೆ ಅಡ್ಡ ನಿಂತಿದ್ದ ಮನುಷ್ಯ ಇವನೇ ಎಂದು ನಂಬಲು ಗಾಂವ್ಕರರಿಗೆ ಕಷ್ಟವಾಯಿತು.

"ದಿವ್ಯಾ ಕದ್ದಿಲ್ಲ," ಎಂದ. ಆಮೇಲೆ ಹಾಳೆಯತ್ತ ನೋಡಿ, "ನಮ್ಮಜ್ಜನ ಹೆಸರು ಮೇಲಿತ್ತು ಅಂತ ನಾನು ಹಿಂದೆ ಮುಂದೆ ನೋಡಲಿಲ್ಲ. ತಾರೀಖು ಓದಿದ್ದೆ. ಏಪ್ರಿಲ್ ಅಂತ ಓದಿದ್ದೆ. ಸುಳ್ಳು ಅಂತ ಮೈಗೆ ಗೊತ್ತಾಗಿತ್ತು. ಆದ್ರೂ ಬಾಯಿ ಮುಚ್ಕೊಂಡೆ," ಎಂದ.

ಇಷ್ಟನ್ನು ಅವನಿಂದ ಯಾರೂ ಕೇಳಿರಲಿಲ್ಲ. ಅನ್ನಪೂರ್ಣವ್ವನವರೂ ನಿರೀಕ್ಷಿಸಿರಲಿಲ್ಲವೆಂಬುದನ್ನು ಅವರ ಮುಖ ಹೇಳುತ್ತಿತ್ತು. ದಿವ್ಯಾಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳದೆ ಅವಳು ಒಂದೊಂದೇ ಶಬ್ದ ಬರೆದಳು. ಬರೆದದ್ದನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಸೇರಿಸಲಿಲ್ಲ, ಬಿಡಲೂ ಇಲ್ಲ.

"ಸರಿ ಇದೆಯಾ?"

"ಸರಿ ಇದೆ," ಎಂದ ವೀರಪ್ಪ.

ಅವಳು ಪುಸ್ತಕವನ್ನು ಅವನತ್ತ ತಿರುಗಿಸಿ ಪೆನ್ನು ಕೊಟ್ಟಳು. "ಸಹಿ ಮಾಡ್ರಿ."